ಹೃದಯದ ಬಲ ಯಾವ ಕಡೆ? ಎಸ್ಸೆಸ್ಸೆಲ್ಸಿ ಜೀವಶಾಸ್ತ್ರದ ನನ್ನ ಟಿಪ್ಪಣಿ

ನಾನು ಕಟಪಾಡಿಯಲ್ಲಿ ಟೈಲರ್. ಹತ್ತನೇ ಕ್ಲಾಸಿನಲ್ಲಿ ವಿಜ್ಞಾನ ಒಂದರಲ್ಲೇ ಫೇಲಾಗಿ ಹೊಲಿಗೆಗೆ ಸೇರಿದವಳು. ಮಗಳು ಒಂಬತ್ತಕ್ಕೆ ಬಂದ ವರ್ಷ ನಾನೂ ಖಾಸಗಿ ಅಭ್ಯರ್ಥಿಯಾಗಿ ಮತ್ತೆ ಪರೀಕ್ಷೆ ಕಟ್ಟಿದ್ದೇನೆ. ಅಂಗಡಿಯ ಬಾಗಿಲು ಹಾಕಿ, ಊಟ ಮುಗಿಸಿ, ರಾತ್ರಿ ಒಂಬತ್ತರಿಂದ ಹನ್ನೊಂದು ಓದು. ನನ್ನ ಹಾಗೆ ಮನೆಯಲ್ಲೇ ಕೂತು ಓದುವವರಿಗೆ ಉಪಯೋಗ ಆದೀತು ಅಂತ ಇದನ್ನು ಬರೆಯುತ್ತಿದ್ದೇನೆ. ನಿಜ ಹೇಳಬೇಕೆಂದರೆ, ನಿನ್ನೆ ಅರ್ಥ ಆದದ್ದು ನಾಳೆಗೆ ಮರೆಯದಿರಲಿ ಅಂತ.

ಬಾಯಿಯಿಂದ ಕರುಳಿನವರೆಗಿನ ದಾರಿಯನ್ನು ಇಲ್ಲಿ ಬರೆದಿಲ್ಲ, ಅದು ಎರಡು ಸಲ ಓದಿದರೆ ಬರುತ್ತದೆ. ಅಲ್ಲಿ ಇರುವ ಗುಂಡಿ ಒಂದೇ: ಪಿತ್ತರಸ. ಅದರಲ್ಲಿ ಕಿಣ್ವ ಇಲ್ಲ. ಬಂಗುಡೆ ಗಸಿಯ ಪಾತ್ರೆಗೆ ಸೋಪು ಹಾಕಿದಾಗ ಎಣ್ಣೆ ಸಣ್ಣ ಸಣ್ಣ ಹನಿ ಆಗುತ್ತದಲ್ಲ, ಪಿತ್ತರಸ ಕೊಬ್ಬಿಗೆ ಮಾಡುವುದು ಅಷ್ಟೇ. ಹನಿಯಾದ ಕೊಬ್ಬನ್ನು ಜೀರ್ಣ ಮಾಡುವ ಲೈಪೇಸ್ ಬರುವುದು ಮೇದೋಜೀರಕ ಗ್ರಂಥಿಯಿಂದ. ಪಿತ್ತರಸ ತಯಾರಾಗುವುದು ಪಿತ್ತಜನಕಾಂಗದಲ್ಲಿ, ಕೂಡಿ ಇಡುವುದು ಪಿತ್ತಕೋಶದಲ್ಲಿ. ಮುಂದೆ ಹೋಗುವ.

ಹೃದಯ

ಇಲ್ಲಿ ನಾನು ಹನ್ನೆರಡು ದಿನ ಸಿಕ್ಕಿಬಿದ್ದೆ. ಆದ್ದರಿಂದ ಉದ್ದ ಆಗುತ್ತದೆ, ಬೇಜಾರು ಮಾಡಬೇಡಿ.

ಮೊದಲ ತೊಂದರೆ ಚಿತ್ರದ್ದು. ಪುಸ್ತಕದ ಚಿತ್ರದಲ್ಲಿ ಎಡಗಡೆ ಇರುವ ಭಾಗಕ್ಕೆ ‘ಬಲ ಹೃತ್ಕರ್ಣ’ ಅಂತ ಬರೆದಿರುತ್ತಾರೆ. ನಾನು ಅದನ್ನು ಅಚ್ಚಿನ ತಪ್ಪು ಅಂತ ತಿಳಿದು ಪೆನ್ಸಿಲಿನಲ್ಲಿ ತಿದ್ದಿದ್ದೆ! ನಾಲ್ಕು ದಿನ ತಿದ್ದಿದ ಚಿತ್ರವನ್ನೇ ಬಾಯಿಪಾಠ ಮಾಡಿದ್ದೇನೆ. ಒಂದು ದಿನ ಮೇಜಿನ ಮೇಲೆ ಗಿರಾಕಿಯ ರವಿಕೆ ಹರಡಿದೆ, ಮುಂಭಾಗ ಮೇಲೆ, ಕುತ್ತಿಗೆ ಆಚೆ. ಬಲ ತೋಳಿಗೆ ಲೇಸು ಇಡಬೇಕು, ಕೈ ತನ್ನಷ್ಟಕ್ಕೆ ನನ್ನ ಎಡಗಡೆಗೆ ಹೋಯಿತು. ಹಾಕಿಕೊಳ್ಳುವವರ ಬಲ ನನ್ನ ಎಡಕ್ಕೆ ತಾನೇ ಬರುವುದು? ಹದಿನೆಂಟು ವರ್ಷದಿಂದ ದಿನವೂ ಮಾಡುವ ಕೆಲಸ ಅದು. ಚಿತ್ರದಲ್ಲಿರುವ ಹೃದಯವೂ ನಮಗೆ ಎದುರು ನಿಂತವರ ಹೃದಯ. ಬಲ ಅಂದರೆ ಅವರ ಬಲ, ನನ್ನದಲ್ಲ. ಅಲ್ಲಿಗೆ ರಬ್ಬರು ಹಿಡಿದು ನನ್ನ ತಿದ್ದುಪಡಿಯನ್ನೆಲ್ಲ ಅಳಿಸಿದೆ.

ಎರಡನೆಯದು ಹೆಸರುಗಳು. ಹೃತ್ಕರ್ಣ, ಹೃತ್ಕುಕ್ಷಿ ಯಾವುದು ಮೇಲೆ, ಯಾವುದು ಕೆಳಗೆ? ಹೆಸರನ್ನೇ ಬಿಡಿಸಿ ನೋಡಿ. ಕರ್ಣ ಅಂದರೆ ಕಿವಿ, ಕುಕ್ಷಿ ಅಂದರೆ ಹೊಟ್ಟೆ. ಕಿವಿ ಮೇಲೆ, ಹೊಟ್ಟೆ ಕೆಳಗೆ. ಇದಕ್ಕಿಂತಲೂ ನನಗೆ ಇಷ್ಟವಾದದ್ದು ಅಪಧಮನಿ, ಅಭಿಧಮನಿ. ‘ಅಪ’ ಅಂದರೆ ಆಚೆ, ಅಪಹರಣದಲ್ಲಿ ಇರುವ ಹಾಗೆ ದೂರ ಒಯ್ಯುವುದು. ‘ಅಭಿ’ ಅಂದರೆ ಕಡೆಗೆ, ಅಭಿಮುಖದಲ್ಲಿ ಇರುವ ಹಾಗೆ. ಹೃದಯದಿಂದ ದೂರ ಒಯ್ಯುವುದು ಅಪಧಮನಿ, ಹೃದಯದ ಕಡೆಗೆ ತರುವುದು ಅಭಿಧಮನಿ. ಬೇರೆ ಏನನ್ನೂ ನೆನಪಿಡಬೇಡಿ. ನಾನು ಫೇಲಾದ ವರ್ಷ ‘ಅಪಧಮನಿಯಲ್ಲಿ ಶುದ್ಧ ರಕ್ತ, ಅಭಿಧಮನಿಯಲ್ಲಿ ಅಶುದ್ಧ ರಕ್ತ’ ಅಂತ ಹೇಳಿಕೊಟ್ಟಿದ್ದರು, ಅದೇ ತಲೆಯಲ್ಲಿ ಕೂತಿತ್ತು. ಇಪ್ಪತ್ತು ವರ್ಷ ಆದರೂ ಹೋಗಲಿಲ್ಲ ಮಾರಾಯ್ರೆ. ಆ ಒಂದು ವಾಕ್ಯದಿಂದಾಗಿ ಮುಂದಿನದು ಯಾವುದೂ ಕೂಡಿ ಬರುತ್ತಿರಲಿಲ್ಲ.

ಏಕೆಂದರೆ ಪುಪ್ಪುಸ ಅಪಧಮನಿ ಅಂತ ಒಂದು ಉಂಟು. ಪುಪ್ಪುಸ ಅಂದರೆ ಶ್ವಾಸಕೋಶ. ಅದರಲ್ಲಿ ಹರಿಯುವುದು ಆಕ್ಸಿಜನ್ ಕಡಿಮೆಯಾದ ರಕ್ತ. ಅಪಧಮನಿ ಅಂದಮೇಲೆ ‘ಶುದ್ಧ’ ಇರಬೇಕಲ್ಲ ಅಂತ ಮಾದರಿ ಪ್ರಶ್ನೆಪತ್ರಿಕೆಯಲ್ಲಿ ಮೂರು ಸಲ ತಪ್ಪು ಬರೆದೆ.

ಕೊನೆಗೆ ಬಟ್ಟೆಯಲ್ಲಿ ಹೊಲಿದೇ ನೋಡಿದೆ. ಉಳಿದ ಬಿಳಿ ಲೈನಿಂಗ್ ತುಂಡಿನ ಮೇಲೆ ಚಾಕಿನಲ್ಲಿ ನಾಲ್ಕು ಕೋಣೆ ಗೀಟು ಹಾಕಿದೆ, ಮೇಲೆ ಎರಡು ಕಿವಿ, ಕೆಳಗೆ ಎರಡು ಹೊಟ್ಟೆ. ನನ್ನ ಎಡಕ್ಕೆ ‘ಬಲ’ ಅಂತ ಬರೆದೆ. ಬಟ್ಟೆಯ ಮೇಲಿನ ಅಂಚಿಗೆ ಶ್ವಾಸಕೋಶ, ಕೆಳಗಿನ ಅಂಚಿಗೆ ಉಳಿದ ಇಡೀ ಮೈ. ಸೂಜಿಗೆ ನೀಲಿ ನೂಲು ಹಾಕಿ ಕೆಳಗಿನ ಅಂಚಿನಿಂದ ಹೊರಟೆ: ಮೈಯಿಂದ ಮಹಾ ಅಭಿಧಮನಿ, ಬಲ ಹೃತ್ಕರ್ಣ, ಬಲ ಹೃತ್ಕುಕ್ಷಿ, ಅಲ್ಲಿಂದ ಪುಪ್ಪುಸ ಅಪಧಮನಿಯಲ್ಲಿ ಮೇಲೆ ಶ್ವಾಸಕೋಶ. ಅಲ್ಲಿ ಆಕ್ಸಿಜನ್ ಸಿಕ್ಕಿತು, ನೀಲಿ ನೂಲನ್ನು ಕತ್ತರಿಸಿ ಕೆಂಪು ನೂಲಿಗೆ ಗಂಟು ಹಾಕಿದೆ. ಕೆಂಪು ನೂಲು ಪುಪ್ಪುಸ ಅಭಿಧಮನಿಯಲ್ಲಿ ಇಳಿದು ಎಡ ಹೃತ್ಕರ್ಣ, ಎಡ ಹೃತ್ಕುಕ್ಷಿ, ಮಹಾಪಧಮನಿ, ಮತ್ತೆ ಮೈ. ಅಲ್ಲಿ ಆಕ್ಸಿಜನ್ ಖರ್ಚಾಯಿತು, ಕೆಂಪಿನ ತುದಿಯನ್ನು ಮೊದಲಿನ ನೀಲಿಯ ತುದಿಗೆ ಗಂಟು ಹಾಕಿದೆ.

ಹೊಲಿದು ಮುಗಿಸಿ ನೋಡುವಾಗ ಕಂಡದ್ದು ಇದು: ಇಡೀ ಬಟ್ಟೆಯಲ್ಲಿ ಗಂಟು ಇರುವುದು ಎರಡೇ ಕಡೆ, ಶ್ವಾಸಕೋಶದಲ್ಲಿ ಒಂದು, ಮೈಯಲ್ಲಿ ಒಂದು. ಹೃದಯದಲ್ಲಿ ಗಂಟೇ ಇಲ್ಲ. ಹೃದಯ ರಕ್ತದ ಬಣ್ಣ ಬದಲಿಸುವುದಿಲ್ಲ, ಬರೀ ನೂಕುತ್ತದೆ. ನೀಲಿಯಾಗಿ ಒಳಗೆ ಬಂದದ್ದು ನೀಲಿಯಾಗಿಯೇ ಹೊರಗೆ ಹೋಗಬೇಕು. ಶ್ವಾಸಕೋಶದ ಗಂಟಿಗೆ ಇನ್ನೂ ತಲುಪದ ಪುಪ್ಪುಸ ಅಪಧಮನಿ ಮತ್ತೆ ಹೇಗೆ ಕೆಂಪಾಗುತ್ತದೆ? ಇಷ್ಟು ಸಣ್ಣ ವಿಷಯಕ್ಕೆ ಹನ್ನೆರಡು ದಿನ. ಮಗಳು ಬಟ್ಟೆ ನೋಡಿ, “ಅಮ್ಮ, ರಕ್ತ ನಿಜಕ್ಕೂ ನೀಲಿ ಅಲ್ಲ, ಕಡು ಕೆಂಪು. ಪರೀಕ್ಷೆಯಲ್ಲಿ ನೀಲಿ ರಕ್ತ ಅಂತ ಬರೆದು ಬರಬೇಡಿ” ಅಂದಳು. ಸರಿ, ಅದೂ ಬರೆದಿಟ್ಟೆ.

ಒಂದು ಸುತ್ತಿನಲ್ಲಿ ಸೂಜಿ ಎರಡು ಸಲ ಹೃದಯದೊಳಗೆ ಹೋಗಿ ಬಂತಲ್ಲ, ಇಮ್ಮಡಿ ಪರಿಚಲನೆ ಅಂದರೆ ಅದೇ. ವ್ಯಾಖ್ಯೆ ಕೇಳಿದರೆ ಆ ಬಟ್ಟೆಯನ್ನು ನೆನಪಿಸಿಕೊಂಡು ಬರೆಯುತ್ತೇನೆ.

ಈ ಗಂಟಿನ ಜಾಗಕ್ಕೆ ಪುಸ್ತಕದ ಹೆಸರು ಲೋಮನಾಳ. ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವೆ 1628ರಲ್ಲೇ ರಕ್ತ ಸುತ್ತು ತಿರುಗುತ್ತದೆ ಅಂತ ತೋರಿಸಿಕೊಟ್ಟ. ಅಪಧಮನಿ ಅಭಿಧಮನಿಗೆ ಎಲ್ಲಿ ಸೇರುತ್ತದೆ ಅಂತ ಮಾತ್ರ ಅವನಿಗೆ ಕಾಣಲಿಲ್ಲ. ಅವನು ತೀರಿಕೊಂಡ ಮೇಲೆ, 1661ರಲ್ಲಿ, ಇಟಲಿಯ ಮಾಲ್ಪಿಘಿ ಸೂಕ್ಷ್ಮದರ್ಶಕದಲ್ಲಿ ಕಪ್ಪೆಯ ಶ್ವಾಸಕೋಶ ನೋಡಿ ಲೋಮನಾಳವನ್ನು ಕಂಡುಹಿಡಿದ. ಹಾರ್ವೆಗೇ ಗಂಟು ಸಿಕ್ಕಿರಲಿಲ್ಲ ಅಂತ ಓದಿದ ಮೇಲೆ ನನಗೆ ನನ್ನ ಬಗ್ಗೆ ಸ್ವಲ್ಪ ಸಮಾಧಾನ.

ಕವಾಟಕ್ಕೆ ಹೆಚ್ಚು ಹೇಳಲಿಕ್ಕಿಲ್ಲ. ಬಾವಿಗೆ ಪಂಪು ಇದ್ದವರಿಗೆ ಫೂಟ್ ವಾಲ್ವ್ ಗೊತ್ತು, ಅದು ಹಾಳಾದರೆ ಪೈಪಿನ ನೀರೆಲ್ಲ ವಾಪಸ್ ಬಾವಿಗೆ. ಕವಾಟದ ಕೆಲಸವೂ ಹಿಂದೆ ಹೋಗದ ಹಾಗೆ ತಡೆಯುವುದು. ಎಡ ಹೃತ್ಕುಕ್ಷಿಯ ಗೋಡೆ ದಪ್ಪ ಯಾಕೆ ಅಂತ ಕೇಳುತ್ತಾರೆ: ಬಲದ್ದು ಪಕ್ಕದ ಶ್ವಾಸಕೋಶಕ್ಕೆ ನೂಕಿದರೆ ಸಾಕು, ಎಡದ್ದು ಕಾಲಿನ ಬೆರಳಿನವರೆಗೆ ನೂಕಬೇಕು.

ಮೀನಿನ ಹೃದಯಕ್ಕೆ ಎರಡೇ ಕೋಣೆ. ಪೇಟೆಯಲ್ಲಿ ಮೀನು ತಾಜಾ ಉಂಟಾ ಅಂತ ಕಿವಿರು ಎತ್ತಿ ನೋಡುತ್ತೇವಲ್ಲ, ಆ ಕೆಂಪು ಅಲ್ಲಿನ ಲೋಮನಾಳಗಳ ರಕ್ತದ್ದು. ಮೀನಿನ ರಕ್ತ ಕಿವಿರಿನಿಂದ ನೇರ ಮೈಗೆ ಹೋಗುತ್ತದೆ, ನಡುವೆ ಹೃದಯಕ್ಕೆ ಬರುವುದಿಲ್ಲ. ನನ್ನ ಬಟ್ಟೆಯ ಲೆಕ್ಕದಲ್ಲಿ ಮೀನಿನ ಹೃದಯಕ್ಕೆ ಕೆಂಪು ನೂಲು ಮುಟ್ಟುವುದೇ ಇಲ್ಲ. ಕಪ್ಪೆಗೆ ಮೂರು ಕೋಣೆ, ಒಂದೇ ಹೃತ್ಕುಕ್ಷಿಯಲ್ಲಿ ಎರಡೂ ಬಣ್ಣ ಸ್ವಲ್ಪ ಬೆರೆಯುತ್ತದೆ.

ಶೇಂದಿ ಮಡಕೆಯಲ್ಲಿ ಎರಡು ಪಾಠ

ಮೂಗಿನಲ್ಲಿ ಗಾಳಿ ಎಳೆದು ಬಿಡುವುದು ಶ್ವಾಸೋಚ್ಛ್ವಾಸ. ಉಸಿರಾಟ ಅಂತ ಪಾಠದಲ್ಲಿ ಹೇಳುವುದು ಜೀವಕೋಶದೊಳಗೆ ಗ್ಲೂಕೋಸ್ ಒಡೆದು ಶಕ್ತಿ ತೆಗೆಯುವುದಕ್ಕೆ. ಗಿಡಕ್ಕೂ ಹಗಲು ರಾತ್ರಿ ಉಸಿರಾಟ ಉಂಟು.

ನಮ್ಮ ಕಡೆ ಮೂರ್ತೆದಾರರು ತೆಂಗಿನ ಮರ ಹತ್ತಿ, ಬಿಚ್ಚದ ಹೊಂಬಾಳೆಯ ತುದಿ ಕೆತ್ತಿ ಮಡಕೆ ಕಟ್ಟುತ್ತಾರೆ. ಅದರಲ್ಲಿ ತೊಟ್ಟಿಕ್ಕುವ ಸಿಹಿ ರಸ ಬರುವುದು ಫ್ಲೋಯಂನಿಂದ. ಎಲೆಯಲ್ಲಿ ತಯಾರಾದ ಸಕ್ಕರೆ ಹೂವಿಗೆ ಹೋಗುವ ದಾರಿಯಲ್ಲಿ ನಾವು ಮಡಕೆ ಹಿಡಿದದ್ದು. ಆದ್ದರಿಂದ ‘ಫ್ಲೋಯಂ ಕೆಳಕ್ಕೆ ಮಾತ್ರ ಸಾಗಿಸುತ್ತದೆ’ ಅಂತ ಬರೆಯಬೇಡಿ, ಬೇಕಾದ ಕಡೆಗೆಲ್ಲ ಸಾಗಿಸುತ್ತದೆ, ಅದಕ್ಕೆ ಎಟಿಪಿ, ಅಂದರೆ ಜೀವಕೋಶದಲ್ಲಿ ಶಕ್ತಿ ಕೂಡಿಟ್ಟ ಅಣು, ಖರ್ಚು ಮಾಡುತ್ತದೆ. ಕ್ಸೈಲಂ ನೀರು, ಲವಣ ತರುವುದು ಬೇರಿನಿಂದ ಮೇಲಕ್ಕೆ. ಹಗಲಿನಲ್ಲಿ ಅದನ್ನು ಮುಖ್ಯವಾಗಿ ಎಳೆಯುವುದು ಎಲೆಯಿಂದ ಆಗುವ ಬಾಷ್ಪವಿಸರ್ಜನೆ.

ಅದೇ ಮಡಕೆಯನ್ನು ಮಧ್ಯಾಹ್ನದವರೆಗೆ ಇಟ್ಟರೆ ನೊರೆ ಬಂದು ಹುಳಿಯಾಗುತ್ತದೆ. ಇನ್ನೊಂದು ಪಾಠ ಅಲ್ಲಿ ಶುರು. ಗ್ಲೂಕೋಸ್ ಆರು ಕಾರ್ಬನ್ನಿನದು, ಕೋಶದ್ರವ್ಯದಲ್ಲಿ ಮೂರು ಕಾರ್ಬನ್ನಿನ ಪೈರುವೇಟ್ ಆಗುತ್ತದೆ. ಇಷ್ಟರವರೆಗೆ ಎಲ್ಲರಿಗೂ ಒಂದೇ ದಾರಿ. ಆಕ್ಸಿಜನ್ ಇದ್ದರೆ ಮೈಟೊಕಾಂಡ್ರಿಯದಲ್ಲಿ ಪೂರ್ತಿ ಒಡೆದು ಕಾರ್ಬನ್ ಡೈಆಕ್ಸೈಡ್, ನೀರು, ತುಂಬ ಶಕ್ತಿ. ಆಕ್ಸಿಜನ್ ಇಲ್ಲದಾಗ ಯೀಸ್ಟ್ ಪೈರುವೇಟನ್ನು ಆಲ್ಕೋಹಾಲ್ ಮತ್ತು ಕಾರ್ಬನ್ ಡೈಆಕ್ಸೈಡ್ ಮಾಡುತ್ತದೆ, ನೊರೆ ಅದರದ್ದೇ. ಶೇಂದಿ ಹಾಕಿದ ಹಿಟ್ಟಿನ ಸನ್ನಾಸ್ (ಇಡ್ಲಿಯಂಥ ತಿಂಡಿ) ಉಬ್ಬುವುದೂ ಆ ಗಾಳಿಯಿಂದ. ಓಡಿ ಓಡಿ ಆಕ್ಸಿಜನ್ ಸಾಲದೆ ಹೋದ ನಮ್ಮ ಸ್ನಾಯುವಿನಲ್ಲಿ ಪೈರುವೇಟ್ ಲ್ಯಾಕ್ಟಿಕ್ ಆಮ್ಲ ಆಗುತ್ತದೆ, ಅದೂ ಮೂರು ಕಾರ್ಬನ್, ಅಲ್ಲಿ ಕಾರ್ಬನ್ ಡೈಆಕ್ಸೈಡ್ ಬರುವುದಿಲ್ಲ. ಈ ವ್ಯತ್ಯಾಸವನ್ನೇ ಕೇಳುತ್ತಾರೆ.

ಮೂತ್ರಪಿಂಡದ 180 ಲೀಟರ್

ದಿನಕ್ಕೆ ಸುಮಾರು 180 ಲೀಟರ್ ಸೋಸುತ್ತದಂತೆ. ಅಂದರೆ 20 ಲೀಟರಿನ ನೀರಿನ ಕ್ಯಾನು ಒಂಬತ್ತು. ಮೈಯಲ್ಲಿರುವ ರಕ್ತವೇ ಐದು ಲೀಟರಿನ ಆಸುಪಾಸು, ಇದು ಎಲ್ಲಿಂದ ಬಂತು ಅಂತ ಪುಸ್ತಕ ಮುಚ್ಚಿಟ್ಟೆ. ಮರುದಿನ ಹೊಳೆಯಿತು: ಅದೇ ನೀರು ಮತ್ತೆ ಮತ್ತೆ. ಮೂತ್ರಪಿಂಡದ ಒಳಗಿನ ಸಣ್ಣ ಸಣ್ಣ ಸೋಸುವ ಘಟಕ ನೆಫ್ರಾನ್, ಅದರ ಬೌಮನ್ ಕೋಶದಲ್ಲಿ ಸೋಸಿ ಇಳಿದದ್ದರಲ್ಲಿ ಗ್ಲೂಕೋಸ್, ಅಮೈನೊ ಆಮ್ಲ, ನೀರಿನ ಹೆಚ್ಚಿನ ಪಾಲು ಇವನ್ನು ನಾಳ ವಾಪಸ್ ಹೀರಿ ರಕ್ತಕ್ಕೆ ಕೊಡುತ್ತದೆ. ಹೊರಗೆ ಹೋಗುವುದು ಒಂದೆರಡು ಲೀಟರ್. ‘ಮರುಹೀರಿಕೆ’ ಅನ್ನುವ ಪದ ಉತ್ತರದಲ್ಲಿ ಇರಲೇಬೇಕು.

ಬೂತಾಯಿ, ಅಂಜಲ್, ಹತ್ತು ಪರ್ಸೆಂಟ್

ಪರಿಸರದ ಪಾಠ ಸುಲಭ. ಒಂದು ಪೋಷಣಾ ಸ್ತರದಿಂದ ಮುಂದಿನದಕ್ಕೆ ದಾಟುವ ಶಕ್ತಿ ಸುಮಾರು ಶೇ. 10. ಪುಸ್ತಕದ ಹುಲ್ಲು, ಜಿಂಕೆ, ಹುಲಿ ಬೇಡ. ನೀರಿನಲ್ಲಿ ತೇಲುವ ಸೂಕ್ಷ್ಮ ಸಸ್ಯ, ಅಂದರೆ ಸಸ್ಯಪ್ಲವಕದಲ್ಲಿ 1,000 ಜೂಲ್ ಇದ್ದರೆ ಅದನ್ನು ತಿನ್ನುವ ಬೂತಾಯಿಗೆ 100, ಬೂತಾಯಿ ತಿನ್ನುವ ಅಂಜಲಿಗೆ 10, ಅಂಜಲ್ ತವಾ ಫ್ರೈ ತಿನ್ನುವ ನಮಗೆ 1. ಬೂತಾಯಿಯನ್ನೇ ತಿಂದರೆ ನಮಗೆ 10. ಸರಪಳಿ ಯಾಕೆ ಮೂರು ನಾಲ್ಕು ಸ್ತರಕ್ಕೇ ನಿಲ್ಲುತ್ತದೆ ಅನ್ನುವುದಕ್ಕೆ ಇದೇ ಉತ್ತರ. ಓಝೋನಿಗೆ ಒಂದೇ ಸಾಲು: ಹಾಳು ಮಾಡುವುದು ಸಿಎಫ್‌ಸಿ (ಕ್ಲೋರೋಫ್ಲೋರೋಕಾರ್ಬನ್) ಅನ್ನುವ ರಾಸಾಯನಿಕ, ಅದರ ಉತ್ಪಾದನೆ ನಿಯಂತ್ರಿಸುವ ಒಪ್ಪಂದ 1987ರದ್ದು.

ನೈಸರ್ಗಿಕ ಸಂಪನ್ಮೂಲ

ಇದನ್ನು ಬಾಯಿಪಾಠದ ಪಾಠ ಅಂತ ಎಲ್ಲರೂ ಕಡೆಗೆ ಇಡುತ್ತಾರೆ. ನನಗೆ ಮಾತ್ರ ಇಲ್ಲಿ ಒಂದು ಪುಟ ಓದುವಾಗ ಖುಷಿ ಆಯಿತು. ನೀರು ಹಿಡಿಯುವ ಹಳೆಯ ಕ್ರಮಗಳ ಪಟ್ಟಿಯಲ್ಲಿ ರಾಜಸ್ಥಾನದ ಖಾದಿನ್, ಹಿಮಾಚಲದ ಕುಲ್ಹ್, ತಮಿಳುನಾಡಿನ ಏರಿ ಇವುಗಳ ಜೊತೆ ಕರ್ನಾಟಕಕ್ಕೆ ‘ಕಟ್ಟ’ ಅಂತ ಉಂಟು. ನಮ್ಮ ಕಟ್ಟ! ಮಳೆಗಾಲ ಮುಗಿದು ತೋಡಿನ ನೀರು ಇಳಿಯುವಾಗ ಊರಿನವರು ಸೇರಿ ಕಲ್ಲು, ಮಣ್ಣು, ಅಡಿಕೆ ಮರದ ತುಂಡು ಹಾಕಿ ಅಡ್ಡ ಕಟ್ಟುವುದು. ತೋಡಿನಲ್ಲಿ ನೀರು ನಿಂತರೆ ಅಕ್ಕಪಕ್ಕದ ಬಾವಿಯ ನೀರೂ ಏರುತ್ತದೆ. ಅಜ್ಜಿಯ ಮನೆಯಲ್ಲಿ ನಾವು ಈಜು ಕಲಿತದ್ದೇ ಕಟ್ಟದಲ್ಲಿ, ಅದು ಪಠ್ಯದಲ್ಲಿ ಇರುವ ವಸ್ತು ಅಂತ ಯಾರಿಗೆ ಗೊತ್ತಿತ್ತು? ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ ಉಡುಪಿಯಲ್ಲಿ ಮೇ ತಿಂಗಳಲ್ಲಿ ಸ್ವರ್ಣಾ ನದಿಯ ಬಜೆ ಅಣೆಕಟ್ಟಿನಲ್ಲಿ ನೀರು ಎಷ್ಟು ಉಳಿದಿದೆ ಅಂತ ಪೇಪರಿನಲ್ಲಿ ನೋಡಬೇಕಾಗುತ್ತದೆ. ಬಿದ್ದ ನೀರು ಮುರಕಲ್ಲಿನ ಇಳಿಜಾರಿನಲ್ಲಿ ಸಮುದ್ರಕ್ಕೆ ಓಡುತ್ತದೆ, ತಡೆದು ಇಂಗಿಸದಿದ್ದರೆ ಇಷ್ಟೇ. ‘ಅಂತರ್ಜಲವಾಗಿ ನೀರು ಇಡುವುದರ ಲಾಭ’ ಕೇಳಿದರೆ ಮೂರು ಬರೆಯಿರಿ: ಆವಿಯಾಗುವುದಿಲ್ಲ, ಬಾವಿಗೆ ಬರುತ್ತದೆ, ನಿಂತ ನೀರಿನ ಹಾಗೆ ಸೊಳ್ಳೆ ಆಗುವುದಿಲ್ಲ.

ಸುಸ್ಥಿರ ನಿರ್ವಹಣೆಗೆ ಉದಾಹರಣೆ ಕೇಳಿದರೆ ಮಲ್ಪೆ ಬಂದರನ್ನು ಬರೆಯಬಹುದು. ಮಳೆಗಾಲದಲ್ಲಿ, ಜೂನ್ 1ರಿಂದ ಜುಲೈ 31ರವರೆಗೆ 61 ದಿನ, ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವ ಹಾಗಿಲ್ಲ. ಮೀನು ಮರಿ ಮಾಡಲಿ ಅಂತ. ಕಾಡಿಗೆ, ಮರ ಅಪ್ಪಿಕೊಂಡು ಉಳಿಸಿದ ಚಿಪ್ಕೊ ಚಳವಳಿ ಇದ್ದೇ ಇದೆ, ಅದರ ಜೊತೆ ನಮ್ಮ ಶಿರಸಿ ಕಡೆಯ 1983ರ ಅಪ್ಪಿಕೊ ಚಳವಳಿಯನ್ನೂ ಸೇರಿಸಿ.

ಇನ್ನು ನೀರು ಹಿಡಿಯುವ ಕ್ರಮಗಳ ಆ ಪಟ್ಟಿಯಲ್ಲೇ ಇರುವ ಸುರಂಗ. ಗುಡ್ಡವನ್ನು ಅಡ್ಡಕ್ಕೆ ಕೊರೆದು ಒಳಗಿನ ಒಸರು ನೀರನ್ನು ಹೊರಗೆ ತರುವುದು. ಬಂಟ್ವಾಳ ತಾಲೂಕಿನ ಅಮೈ ಮಹಾಲಿಂಗ ನಾಯ್ಕರು ಒಬ್ಬರೇ ಸುರಂಗ ಕೊರೆದು ಬೋಳುಗುಡ್ಡದಲ್ಲಿ ತೋಟ ಮಾಡಿದವರು, 2022ರಲ್ಲಿ ಪದ್ಮಶ್ರೀ ಬಂತು. ಹಾಗಾಗಿ ಸುರಂಗ ನಮ್ಮಲ್ಲೂ ಉಂಟು. ಆದರೆ ಪುಸ್ತಕದ ಪಟ್ಟಿಯಲ್ಲಿ ಸುರಂಗ ಕೇರಳದ ಪಾಲಿಗೆ ಹೋಗಿದೆ. ‘ಹೊಂದಿಸಿ ಬರೆಯಿರಿ’ಯಲ್ಲಿ ಬಂದರೆ ಅಭಿಮಾನ ಬದಿಗಿಟ್ಟು ಕೇರಳ ಅಂತಲೇ ಬರೆಯಿರಿ, ಕರ್ನಾಟಕಕ್ಕೆ ಕಟ್ಟ.