ಅಂಟುವಾಳದ ನೊರೆ, ಲಿಸ್ಟೀರಿಯಾದ ಬೇರು

ಅಂಟುವಾಳದ ಕಾಯಿಯನ್ನು ನೆನೆಹಾಕಿ ಕಿವುಚಿದಾಗ ಏಳುವ ನೊರೆಗೆ ಸಪೋನಿನ್ ಎಂಬ ಅಣು ಕಾರಣ. ಅದರ ಒಂದು ಭಾಗ ನೀರಿನತ್ತ ಒಲಿದರೆ ಇನ್ನೊಂದು ಭಾಗ ಜಿಡ್ಡಿನತ್ತ ಒಲಿಯುತ್ತದೆ. ಇಂಥದೇ ಇಬ್ಬಗೆಯ ಅಣುಗಳನ್ನು ಸೂಕ್ಷ್ಮಜೀವಿಗಳೂ ತಯಾರಿಸುತ್ತವೆ; ಅವನ್ನು ಜೈವಿಕ ಸರ್ಫ್ಯಾಕ್ಟಂಟ್‌ಗಳು ಎನ್ನುತ್ತಾರೆ.

ಜಪಾನಿನ ವಿಜ್ಞಾನಿಗಳು 1968ರಲ್ಲಿ ಬ್ಯಾಸಿಲಸ್ ಸಬ್ಟಿಲಿಸ್ ಎಂಬ ಬ್ಯಾಕ್ಟೀರಿಯಾದಿಂದ ಬೇರ್ಪಡಿಸಿದ ಸರ್ಫ್ಯಾಕ್ಟಿನ್ ಇವುಗಳಲ್ಲಿ ಅತ್ಯಂತ ಬಲಶಾಲಿಗಳ ಸಾಲಿಗೆ ಸೇರುತ್ತದೆ. ಏಳು ಅಮೈನೋ ಆಮ್ಲಗಳ ಬಳೆಯಂಥ ಉಂಗುರಕ್ಕೆ ಕೊಬ್ಬಿನ ಬಾಲವೊಂದು ಅಂಟಿದಂತಿರುವ ಈ ಅಣು, ನೀರಿನ ಮೇಲ್ಮೈ ಎಳೆತವನ್ನು ಮೀಟರಿಗೆ 72 ಮಿಲಿನ್ಯೂಟನ್‌ನಿಂದ 27ಕ್ಕೆ ಇಳಿಸುತ್ತದೆ. ಬ್ಯಾಕ್ಟೀರಿಯಾದ ಕೋಶಪೊರೆಯೂ ಇಬ್ಬಗೆಯ ಅಣುಗಳಿಂದಲೇ ಆದದ್ದರಿಂದ ಸರ್ಫ್ಯಾಕ್ಟಿನ್ ಅಲ್ಲಿ ಹೊರಗಿನದೆನಿಸದೆ ನಡುವೆ ಸೇರಿಕೊಳ್ಳುತ್ತದೆ. ಒತ್ತಾಗಿ ಹೊದಿಸಿದ ಹೆಂಚುಗಳ ನಡುವೆ ಅಳತೆ ತಪ್ಪಿದ ಹೆಂಚೊಂದನ್ನು ತುರುಕಿದರೆ ಸೂರು ಸೋರುವಂತೆ, ಬಿಗಿಯಾಗಿ ಹೆಣೆದ ಚಾಪೆಯಲ್ಲಿ ಕಡ್ಡಿ ಸಿಕ್ಕಿಸಿದರೆ ಎಳೆಗಳು ಸರಿದು ಕಿಂಡಿ ಬೀಳುವಂತೆ, ಪೊರೆ ಸಡಿಲಗೊಂಡು ಒಳಗಿನ ಪೊಟ್ಯಾಸಿಯಂ ಹೊರಗೆ ಸೋರತೊಡಗುತ್ತದೆ. ಅನೇಕ ಪ್ರತಿಜೀವಕಗಳು ಒಂದು ನಿರ್ದಿಷ್ಟ ಪ್ರೋಟೀನನ್ನು ಹಿಡಿಯುತ್ತವೆ, ಆ ಪ್ರೋಟೀನು ಬದಲಾದರೆ ಅವು ಸೋಲುತ್ತವೆ. ಇಡೀ ಪೊರೆಯ ನೇಯ್ಗೆಯನ್ನೇ ಬದಲಿಸಿಕೊಳ್ಳುವುದು ಬ್ಯಾಕ್ಟೀರಿಯಾಕ್ಕೆ ಅಷ್ಟು ಸುಲಭವಲ್ಲ.

ಕೊಲ್ಲುವುದಕ್ಕಿಂತಲೂ ನೆಲೆಯೂರಲು ಬಿಡದಿರುವುದು ಈ ಅಣುಗಳ ದೊಡ್ಡ ಗುಣವೆಂದು ನನಗೆ ತೋರುತ್ತದೆ. ಫ್ರಿಜ್‌ನಲ್ಲಿಟ್ಟರೆ ಆಹಾರ ಸುರಕ್ಷಿತವೆಂಬ ನಂಬಿಕೆಯನ್ನು, ಆಹಾರದ ಮೂಲಕ ಸೋಂಕು ಹರಡುವ ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾ ಸುಳ್ಳಾಗಿಸುತ್ತದೆ, ಏಕೆಂದರೆ ಅದು 4 ಡಿಗ್ರಿ ಸೆಲ್ಸಿಯಸ್‌ನಲ್ಲೂ ನಿಧಾನವಾಗಿ ಬೆಳೆಯುತ್ತದೆ. ದಕ್ಷಿಣ ಆಫ್ರಿಕಾದಲ್ಲಿ 2017–18ರಲ್ಲಿ ಸಂಸ್ಕರಿಸಿದ ಮಾಂಸದ ಮೂಲಕ ಹರಡಿದ ಈ ಸೋಂಕು 200ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಹೆಚ್ಚುವ ಯಂತ್ರದ ಅಲಗಿನ ಸಂದಿನಲ್ಲೋ ಹಲಗೆಯ ಗೀರಿನಲ್ಲೋ ಅಂಟಿಕೊಂಡ ಬ್ಯಾಕ್ಟೀರಿಯಾಗಳು ಲೋಳೆಯ ಪದರ ಕಟ್ಟಿಕೊಂಡರೆ, ಸಾಮಾನ್ಯ ತೊಳೆತಕ್ಕೆ ಜಗ್ಗುವುದಿಲ್ಲ. ಸರ್ಫ್ಯಾಕ್ಟಿನ್ ಲೇಪಿಸಿದ ಉಕ್ಕು ಹಾಗೂ ಪ್ಲಾಸ್ಟಿಕ್‌ಗೆ ಲಿಸ್ಟೀರಿಯಾ ಅಂಟುವುದು ಕಡಿಮೆಯಾಗುತ್ತದೆಂದು ಪ್ರಯೋಗಗಳು ತೋರಿಸಿವೆ.

ಆಹಾರದಿಂದಲೇ ಹರಡುವ ಸಾಲ್ಮೊನೆಲ್ಲಾ, ಇ. ಕೋಲಿ ಬ್ಯಾಕ್ಟೀರಿಯಾಗಳ ಮಾತು ಬೇರೆ: ಅವುಗಳ ಕೋಶಪೊರೆಯ ಹೊರಗೆ ಇನ್ನೊಂದು ಪೊರೆಯ ಕವಚವಿರುವುದರಿಂದ ಇಂಥ ಅಣುಗಳು ಒಳಗೆ ತಲುಪುವುದು ಕಷ್ಟ.

ನೈಸರ್ಗಿಕವೆಂದ ಮಾತ್ರಕ್ಕೆ ನಿರಪಾಯಕಾರಿ ಎಂಬ ಪ್ರಚಾರವನ್ನಂತೂ ಒಪ್ಪಲಾಗದು. ಸರ್ಫ್ಯಾಕ್ಟಿನ್ ನಮ್ಮ ಕೆಂಪು ರಕ್ತಕಣಗಳನ್ನೂ ಒಡೆಯಬಲ್ಲದು. ರ‍್ಯಾಮ್ನೋಲಿಪಿಡ್ ಎಂಬ ಇನ್ನೊಂದು ಜೈವಿಕ ಸರ್ಫ್ಯಾಕ್ಟಂಟನ್ನು ತಯಾರಿಸುವ ಸ್ಯೂಡೋಮೊನಾಸ್ ಏರುಜಿನೋಸಾ ಸುಟ್ಟಗಾಯಗಳಿಗೆ ಸೋಂಕು ತಗುಲಿಸುವ ಜೀವಿ. ಡ್ಯಾಕ್ರಿಯೋಪಿನಾಕ್ಸ್ ಸ್ಪ್ಯಾಥುಲೇರಿಯಾ ಎಂಬ ತಿನ್ನಬಹುದಾದ ಅಣಬೆಯಿಂದ ಪಡೆದ, ಸಕ್ಕರೆ ಮತ್ತು ಕೊಬ್ಬು ಸೇರಿದ ಇಬ್ಬಗೆಯ ಅಣುಗಳಾದ ಗ್ಲೈಕೋಲಿಪಿಡ್‌ಗಳಿಗೂ ಯುರೋಪಿಯನ್ ಒಕ್ಕೂಟವು ಸುರಕ್ಷತೆಯ ಪರಿಶೀಲನೆಯ ನಂತರವೇ, 2022ರಲ್ಲಿ, ಇ 246 ಎಂಬ ಸಂಖ್ಯೆ ನೀಡಿ, ಪಾನೀಯಗಳ ಸಂರಕ್ಷಕವಾಗಿ, ಪ್ರಮಾಣದ ಮಿತಿಯೊಂದಿಗೆ ಅನುಮತಿ ಕೊಟ್ಟಿತು.