ಸ್ಟೀರಿಂಗ್ ಹೋಸಿಗೆ ಕ್ಲಿಪ್ ಬಿಗಿದರೆ ಸಾಲದೇ?

ಪ್ರಶ್ನೆ: ಚಿಕ್ಕಮಗಳೂರಿನ ಬಳಿ ತೋಟದ ಕೆಲಸಕ್ಕೆ ಪಿಕಪ್ ಇಟ್ಟುಕೊಂಡಿದ್ದೇನೆ. ಪವರ್ ಸ್ಟೀರಿಂಗ್ ಆಯಿಲ್ ಸೋರುತ್ತಿದೆ. ಒಡೆದ ಕಡೆ ಹೋಸನ್ನು ಕತ್ತರಿಸಿ ಕ್ಲಿಪ್ ಬಿಗಿದರೆ ಆಗದೇ?

ಉತ್ತರ: ಸೋರುತ್ತಿರುವುದು ಯಾವ ಹೋಸ್ ಎಂದು ಮೊದಲು ನೋಡಿ. ಆಯಿಲ್ ಡಬ್ಬಿಗೆ ಮರಳುವ ಹೋಸಿನಲ್ಲಿ ಒತ್ತಡ ಕಡಿಮೆ. ಅದಕ್ಕೆ ಸಾಮಾನ್ಯವಾಗಿ ಕ್ಲಿಪ್ಪೇ ಇರುತ್ತದೆ, ಧಾರಾಳವಾಗಿ ಬಿಗಿಯಿರಿ. ಪಂಪಿನಿಂದ ಸ್ಟೀರಿಂಗ್ ಬಾಕ್ಸಿಗೆ ಹೋಗುವ ಹೋಸಿನ ಮಾತೇ ಬೇರೆ. ಕೈಮರ ದಾಟಿ ಮುಳ್ಳಯ್ಯನಗಿರಿ ಕಡೆ ಹತ್ತುವಾಗ ತಿರುವಿನಲ್ಲಿ ಸ್ಟೀರಿಂಗನ್ನು ಕೊನೆಯವರೆಗೆ ತಿರುಗಿಸಿದರೆ ಅದರೊಳಗಿನ ಒತ್ತಡ 1000 ಪಿಎಸ್‌ಐ ದಾಟಬಹುದು. ಟೈರಿಗೆ ನಾವು ಹಾಕಿಸುವ ಗಾಳಿ 50ರ ಆಸುಪಾಸು. ಇನ್ನು ಕ್ಲಿಪ್ ಯಾವ ಲೆಕ್ಕ? ಇಡೀ ಹೋಸನ್ನೇ ಬದಲಿಸಬೇಕು. ಆತುರಕ್ಕೆ ಬಿದ್ದು ಒಮ್ಮೆ ನಾನೂ ಹಾಕಿಸಿದ್ದೆ. ಕಾಫಿ ಮೂಟೆ ತುಂಬಿಕೊಂಡು ಇಳಿಯುವಾಗ ಎರಡನೇ ತಿರುವಿಗೇ ಕಿತ್ತುಬಂತು. ಸ್ಟೀರಿಂಗ್ ಲಾಕ್ ಆಗಲಿಲ್ಲ, ಕಲ್ಲಿನಂತೆ ಭಾರವಾಯಿತು. ಬಿಸಿ ಎಕ್ಸಾಸ್ಟ್ ಮೇಲೆ ಆಯಿಲ್ ಚಿಮ್ಮಿ ಹೊಗೆ ಎದ್ದಾಗ ಮಾತ್ರ ಎದೆ ಝಲ್ಲೆಂದಿತ್ತು. ಬೆಂಕಿ ಹೊತ್ತಿಕೊಳ್ಳುವುದೂ ಹೀಗೆಯೇ.

ಆಯಿಲ್ ತೊಟ್ಟಿಕ್ಕುವ ಜಾಗವೇ ಒಡೆದ ಜಾಗವೆಂದು ನಂಬಬೇಡಿ, ಅದು ಹೋಸಿನ ಗುಂಟ ಹರಿದು ಬಂದಿರುತ್ತದೆ. ಎಲ್ಲವನ್ನೂ ಬಟ್ಟೆಯಿಂದ ಒರೆಸಿ, ಎಂಜಿನ್ ಚಾಲೂ ಮಾಡಿ ದೂರದಿಂದ ನೋಡಿ, ಕೈಯಿಂದ ತಡವಬೇಡಿ. ರಬ್ಬರು ಕಬ್ಬಿಣದ ತುದಿಯನ್ನು ಸೇರುವಲ್ಲೇ ಹೆಚ್ಚಾಗಿ ಬಿಡುತ್ತದೆ.

ಬಿಚ್ಚುವ ಮೊದಲು ಹೋಸ್ ಹಾದುಹೋಗುವ ದಾರಿಯನ್ನು ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ನಟ್ಟಿನ ಮೂಲೆ ಸವೆಯದಂತೆ ಪೈಪ್ ನಟ್ಟಿಗೆಂದೇ ಬರುವ ಸ್ಪ್ಯಾನರ್ ಬಳಸಿ. ಜೋಡಣೆಯಲ್ಲಿ ಸೋರದಂತೆ ತಡೆಯುವ ಓ-ರಿಂಗ್ (ರಬ್ಬರಿನ ಬಳೆ) ಅಥವಾ ತಾಮ್ರದ ವಾಷರ್ ಹೊಸದೇ ಇರಲಿ. ಎಲ್ಲಿಯೂ ಕಂಪನಿ ಹೋಸ್ ಸಿಗದಿದ್ದರೆ ಟ್ರ್ಯಾಕ್ಟರ್‌ಗಳಿಗೆ ಹೈಡ್ರಾಲಿಕ್ ಹೋಸಿನ ತುದಿಗಳನ್ನು ಮೆಷಿನ್‌ನಲ್ಲಿ ಒತ್ತಿಕೊಡುವ ಅಂಗಡಿಗೆ ಹಳೆಯದನ್ನೇ ಒಯ್ಯಿರಿ. ಒತ್ತಡ, ಬಿಸಿ ಎರಡನ್ನೂ ತಡೆಯುವ ಹೋಸನ್ನೇ ಕೇಳಿ.

ಜನ ತಪ್ಪುವುದು ಇದರ ನಂತರ. ಆಯಿಲ್ ತುಂಬಿಸಿದ ಕೂಡಲೇ ಎಂಜಿನ್ ಚಾಲೂ ಮಾಡಿಬಿಡುತ್ತಾರೆ. ಒಳಗಿನ ಗಾಳಿ ಆಯಿಲ್ ಜೊತೆ ಕಲೆತು ನೊರೆಯಾಗುತ್ತದೆ, ಪಂಪ್ ನರಳುತ್ತದೆ. ಹ್ಯಾಂಡ್ ಬ್ರೇಕ್ ಎಳೆದು, ಹಿಂದಿನ ಗಾಲಿಗಳಿಗೆ ಕಲ್ಲು ಕೊಟ್ಟು, ಮುಂದಿನ ಎರಡೂ ಗಾಲಿಗಳನ್ನು ಜಾಕಿಯಿಂದ ಎತ್ತಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ. ಎಂಜಿನ್ ಬಂದ್ ಇಟ್ಟೇ ಸ್ಟೀರಿಂಗನ್ನು ಎಡಕ್ಕೂ ಬಲಕ್ಕೂ ಕೊನೆಯವರೆಗೆ ನಿಧಾನವಾಗಿ ಹದಿನೈದು ಇಪ್ಪತ್ತು ಸಲ ತಿರುಗಿಸಿ. ಡಬ್ಬಿಯಲ್ಲಿ ಗುಳ್ಳೆ ನಿಂತ ಮೇಲೆ ಚಾಲೂ ಮಾಡಿ. ಆಯಿಲ್ ಕಡಿಮೆಯಾದಂತೆಲ್ಲ ತುಂಬುತ್ತಿರಿ.

ಹಳೆಯ ಹೋಸನ್ನು ಎಸೆಯುವ ಮುನ್ನ ತಿರುಗಿಸಿ ನೋಡಿ. ಹೊಟ್ಟೆ ಭಾಗದಲ್ಲಿ ಉಜ್ಜಿದ ಗುರುತಿದ್ದರೆ ಕ್ಲ್ಯಾಂಪ್ ಸಡಿಲಾಗಿರಬಹುದು, ಇಲ್ಲವೇ ಎಂಜಿನ್ನನ್ನು ಹೊತ್ತಿರುವ ರಬ್ಬರ್ ಮೌಂಟಿಂಗ್ ಕುಸಿದಿರಬಹುದು. ಅದನ್ನು ಸರಿಪಡಿಸದಿದ್ದರೆ ಹೊಸ ಹೋಸೂ ಅಲ್ಲೇ ಉಜ್ಜುತ್ತದೆ.