ಗಂಟು ನೋಡಿದರೆ ಸಾಲದು, ಕುತ್ತಿಗೆ ಪೂರ್ತಿ ನೋಡಬೇಕು

ಸ್ಕ್ಯಾನಿಂಗ್ ಎಂದರೆ ಬಸುರಿಯರಿಗೆ ಮಾಡುವುದು ಅಂತಲೇ ನಮ್ಮ ಕಡೆ ಹಲವರ ಲೆಕ್ಕ. ಕುತ್ತಿಗೆಗೂ ಮಾಡುತ್ತಾರೆ. ಥೈರಾಯ್ಡ್ ಕ್ಯಾನ್ಸರ್ ಆಪರೇಷನ್‌ಗೆ ಮೊದಲು ಅದು ಬೇಕೇ ಬೇಕು.

ಈ ಕ್ಯಾನ್ಸರ್‌ಗಳಲ್ಲಿ ಹೆಚ್ಚಿನವು ಪ್ಯಾಪಿಲರಿ ಎಂಬ ಬಗೆಯವು. ಸಾಮಾನ್ಯವಾಗಿ ನಿಧಾನಕ್ಕೆ ಬೆಳೆಯುತ್ತವೆ, ಚಿಕಿತ್ಸೆಗೂ ಬಗ್ಗುತ್ತವೆ. ಆದರೆ ಒಂದು ಚಾಳಿ ಇದೆ: ಕುತ್ತಿಗೆಯ ದುಗ್ಧಗ್ರಂಥಿಗಳಿಗೆ (ಲಿಂಫ್ ನೋಡ್‌ಗಳಿಗೆ) ಹರಡುವುದು. ಎಷ್ಟೋ ಸಲ ಅದು ಕೈಗೆ ಸಿಗುವುದೇ ಇಲ್ಲ.

ಕಾರವಾರದ ಮೀನುಗಾರಿಕೆ ಬೋಟುಗಳಲ್ಲಿ ಫಿಶ್ ಫೈಂಡರ್ ಇರುತ್ತದಲ್ಲ, ಈ ಸ್ಕ್ಯಾನಿಂಗಿನ, ಅಂದರೆ ಅಲ್ಟ್ರಾಸೌಂಡಿನ, ಉಪಾಯವೂ ಅದೇ. ಶಬ್ದ ಕಳಿಸುವುದು, ಮರಳಿದ ಪ್ರತಿಧ್ವನಿಯಿಂದ ಚಿತ್ರ ಕಟ್ಟುವುದು. ಶಬ್ದದ ವೇಗವೂ ಹತ್ತಿರಹತ್ತಿರ ಒಂದೇ: ಸಮುದ್ರದಲ್ಲಿ ಸೆಕೆಂಡಿಗೆ ಸುಮಾರು 1,500 ಮೀಟರ್, ನಮ್ಮ ಮೈಯ ಮಾಂಸದಲ್ಲಿ ಸುಮಾರು 1,540. ಆದರೆ ಬೋಟಿನಲ್ಲಿ 50 ಅಥವಾ 200 ಕಿಲೋಹರ್ಟ್ಸ್ ಸಾಕು; ಕುತ್ತಿಗೆಯಲ್ಲಿ ಸಣ್ಣದೂ ಸ್ಪಷ್ಟವಾಗಿ ಕಾಣಲು ಅದಕ್ಕಿಂತ ಎಷ್ಟೋ ಹೆಚ್ಚು ಕಂಪನ, 10 ಮೆಗಾಹರ್ಟ್ಸ್ ಆಸುಪಾಸು, ಬೇಕು. ಅಂಥ ಅಲೆ ಆಳಕ್ಕೆ ಇಳಿಯದು. ಥೈರಾಯ್ಡ್ ಚರ್ಮದ ಹತ್ತಿರವೇ ಇರುವುದರಿಂದ ತೊಂದರೆ ಇಲ್ಲ. ಕೆಲವೇ ಮಿಲಿಮೀಟರಿನ ಗಂಟೂ ಕಾಣುತ್ತದೆ.

ಆರೋಗ್ಯವಾಗಿರುವ ದುಗ್ಧಗ್ರಂಥಿ ಉದ್ದುದ್ದ ಇರುತ್ತದೆ, ನಡುವೆ ಕೊಬ್ಬಿನ ಬಿಳಿ ಗೆರೆ. ಅದು ಗುಂಡಗಾಗಿ ಗೆರೆ ಅಳಿಸಿಹೋಗಿದ್ದರೆ ಸಂಶಯ. ಒಳಗೆ ಸುಣ್ಣದ ಸಣ್ಣ ಚುಕ್ಕಿಗಳೋ ನೀರು ತುಂಬಿದ ಜಾಗವೋ ಕಂಡರೆ ಸಂಶಯ ಇನ್ನೂ ಜಾಸ್ತಿ. ಆಗ ಪರದೆ ನೋಡುತ್ತಲೇ ಸೂಜಿ ಹಾಕಿ ಜೀವಕೋಶ ತೆಗೆಯುತ್ತಾರೆ. ಸೂಜಿಯನ್ನು ಉಪ್ಪುನೀರಿನಲ್ಲಿ ತೊಳೆದು, ಆ ನೀರಿನಲ್ಲಿ ಥೈರೋಗ್ಲೋಬ್ಯುಲಿನ್ ಇದೆಯಾ ಅಂತ ನೋಡುವುದೂ ಉಂಟು. ಅದು ಥೈರಾಯ್ಡ್ ಜೀವಕೋಶಗಳು ಮಾತ್ರ ತಯಾರಿಸುವ ಪ್ರೋಟೀನು. ಕುತ್ತಿಗೆಯ ಪಕ್ಕದ ಗ್ರಂಥಿಯಲ್ಲಿ ಅದಕ್ಕೇನು ಕೆಲಸ, ಅಲ್ವಾ?

ಆಪರೇಷನ್ ಎಷ್ಟು ದೊಡ್ಡದು ಎಂಬುದು ಇದರ ಮೇಲೆ ನಿಂತಿದೆ. ಪಕ್ಕದ ಗ್ರಂಥಿಗಳಲ್ಲಿ ರೋಗ ಖಚಿತವಾದರೆ ಅವನ್ನೂ ಅದೇ ಸಲ ತೆಗೆಯಬಹುದು. ಉಳಿದುಹೋದರೆ ಮತ್ತೊಂದು ಆಪರೇಷನ್. ಗಾಯ ಮಾಗಿ ಗಟ್ಟಿಯಾದ ಜಾಗದಲ್ಲಿ ಕೈಹಾಕುವುದು ಸರ್ಜನ್‌ಗೂ ಕಷ್ಟ. ಶಿರಸಿಯವರು ಹುಬ್ಬಳ್ಳಿಗೋ, ಭಟ್ಕಳದವರು ಮಣಿಪಾಲಕ್ಕೋ, ಕಾರವಾರದವರು ಗೋವಾಕ್ಕೋ ಮತ್ತೆ ಓಡಬೇಕಾದ ಪಾಡು ಬೇರೆ. ಆದ್ದರಿಂದ ರಿಪೋರ್ಟಿನಲ್ಲಿ ಥೈರಾಯ್ಡ್ ಗಂಟಿನ ಅಳತೆ ಮಾತ್ರ ಇದ್ದು, ಎರಡೂ ಬದಿಯ ಗ್ರಂಥಿಗಳ ಸುದ್ದಿಯೇ ಇಲ್ಲದಿದ್ದರೆ ಸುಮ್ನೆ ಇರಬೇಡಿ, ಡಾಕ್ಟರನ್ನು ಕೇಳಿ. ಅಮೆರಿಕನ್ ಥೈರಾಯ್ಡ್ ಅಸೋಸಿಯೇಷನ್ನಿನ 2015ರ ಮಾರ್ಗಸೂಚಿಯೂ ಆಪರೇಷನ್‌ಗೆ ಮೊದಲು ಈ ಗ್ರಂಥಿಗಳನ್ನು ನೋಡಲೇಬೇಕು ಎನ್ನುತ್ತದೆ.

ಎಲ್ಲವೂ ಕಾಣುತ್ತದೆ ಅಂತಲ್ಲ. ಗಾಳಿ ಮತ್ತು ಮೂಳೆ ಈ ಶಬ್ದಕ್ಕೆ ಗೋಡೆ. ಶ್ವಾಸನಾಳದ ಹಿಂದೆ, ಎದೆಮೂಳೆಯ ಹಿಂದೆ ಏನಿದೆ ಎಂದು ತಿಳಿಯಲು ಸಿಟಿ ಸ್ಕ್ಯಾನ್ ಬೇಕಾಗಬಹುದು. ಥೈರಾಯ್ಡಿನ ಮರೆಯಲ್ಲಿರುವ ಗ್ರಂಥಿಗಳು ಪಳಗಿದ ಕೈಯಿಂದಲೂ ತಪ್ಪಿಸಿಕೊಳ್ಳುತ್ತವೆ. ಬರೀ ಸೂಕ್ಷ್ಮದರ್ಶಕಕ್ಕೆ ಸಿಗುವಷ್ಟು ಸಣ್ಣ ಹರಡುವಿಕೆ ಗೊತ್ತಾಗುವುದು ಆಪರೇಷನ್ ಆದ ಮೇಲೆ, ಲ್ಯಾಬಿನಲ್ಲಿ.